ಬೋಧಾಯನನ ಹಗ್ಗ ಮತ್ತು ಮೂವತ್ತು–ನಲವತ್ತರ ಸೈಟು

ಮೈಸೂರಿನ ಹೊರವಲಯದ ಬಡಾವಣೆಯೊಂದರಲ್ಲಿ ನನ್ನ ತಮ್ಮ ಕೊಂಡಿರುವ 30×40 ಅಡಿಯ ಸೈಟಿನಲ್ಲಿ ಗುದ್ದಲಿ ಪೂಜೆ ಮುಗಿದ ಮಾರನೆಯ ದಿನ, ಪಾಯಕ್ಕೆ ಗುರುತು ಹಾಕುವುದನ್ನು ನೋಡಲೆಂದು ನಾನೂ ಬೆಳಿಗ್ಗೆಯೇ ಹೋಗಿದ್ದೆ. ಮೇಸ್ತ್ರಿ ನಾಲ್ಕು ಮೂಲೆಗಳಲ್ಲಿ ಕಬ್ಬಿಣದ ಗೂಟ ಹೊಡೆಸಿ, ಸುತ್ತ ದಾರ ಕಟ್ಟಿಸಿ, ಬದಿಗಳನ್ನು ಅಳೆದ ಮೇಲೆ, ಟೇಪಿನ ಒಂದು ತುದಿಯನ್ನು ಹುಡುಗನ ಕೈಗೆ ಕೊಟ್ಟು ಎದುರು ಮೂಲೆಗೆ ಕಳಿಸಿದರು. ಟೇಪು ಸೈಟಿನ ಮೇಲೆ ಅಡ್ಡಲಾಗಿ, ಮೂಲೆಯಿಂದ ಮೂಲೆಗೆ ಬಿಗಿಯಾಯಿತು. ಮೇಸ್ತ್ರಿ ಬಗ್ಗಿ ನೋಡಿ, ‘ನಲವತ್ತೊಂಬತ್ತು ಅಡಿ ಹತ್ತು ಇಂಚು. ಎರಡು ಇಂಚು ಕಮ್ಮಿ ಇದೆ’ ಎಂದರು. ಒಂದು ಗೂಟವನ್ನು ಕಿತ್ತು ಸ್ವಲ್ಪ ಜರುಗಿಸಿ ಹೊಡೆಸಿದರು. ಮತ್ತೆ ಅಳೆದಾಗ ಸರಿಯಾಗಿ ಐವತ್ತು ಬಂದಿತು. ‘ಐವತ್ತು ಬಂತು ಅಂದ್ರೆ ಮೂಲೆ ಕೂತಿದೆ ಅಂತ ಸಾರ್. ಈಗ ಬಿಟ್ಟರೆ ನಾಳೆ ಟೈಲ್ಸ್ ಹಾಕುವಾಗ ಕೊನೇ ಸಾಲು ಸೊಟ್ಟ ಬರುತ್ತೆ’ ಎಂದು ನನ್ನ ಕಡೆ ತಿರುಗಿ ಹೇಳಿದರು.

ಮನೆಗೆ ಬಂದ ಮೇಲೆ ಆ ಎರಡು ಇಂಚಿನ ಲೆಕ್ಕವನ್ನು ಮಾಡಿ ನೋಡಿದೆ. ಬದಿಗಳು 30 ಮತ್ತು 40 ಅಡಿಯೇ ಇದ್ದು ಕರ್ಣ ಮಾತ್ರ 2 ಇಂಚು ಕಡಿಮೆಯಾದರೆ, 30 ಅಡಿಯ ಬದಿಯ ತುದಿ ತಾನಿರಬೇಕಾದ ಜಾಗದಿಂದ ಸುಮಾರು ಎರಡೂವರೆ ಇಂಚು ಪಕ್ಕಕ್ಕೆ ವಾಲಿರುತ್ತದೆ. ಕೋನದಲ್ಲಿ ಅದು ಅರ್ಧ ಡಿಗ್ರಿಯೂ ಅಲ್ಲ, ಕಣ್ಣಿಗೆ ಕಾಣುವುದೂ ಇಲ್ಲ. ಆದರೆ ಟೇಪಿಗೆ ಕಾಣುತ್ತದೆ, ಕೊನೆಯ ಸಾಲಿನ ಟೈಲ್ಸಿಗೂ ಕಾಣುತ್ತದೆ. ಕೋನವನ್ನು ಅಳೆಯುವ ಉಪಕರಣವೇ ಇಲ್ಲದೆ, ಕೇವಲ ಉದ್ದಗಳನ್ನು ಅಳೆದು ಕೋನವನ್ನು ಇಷ್ಟು ಸೂಕ್ಷ್ಮವಾಗಿ ತಿಳಿಯಬಹುದು ಎಂಬುದೇ ಲಂಬಕೋನ ತ್ರಿಭುಜದ ಪ್ರಮೇಯದ ನಿಜವಾದ ಶಕ್ತಿ ಎಂದು ನನಗೆ ಅನ್ನಿಸುತ್ತದೆ.

ಹತ್ತನೆಯ ತರಗತಿಯಲ್ಲಿ ನಾವೆಲ್ಲ ಪೈಥಾಗೊರಸನ ಹೆಸರಿನ ಈ ಪ್ರಮೇಯವನ್ನು ಬಾಯಿಪಾಠ ಮಾಡಿದವರೇ: ಲಂಬಕೋನ ತ್ರಿಭುಜದಲ್ಲಿ ವಿಕರ್ಣದ ಮೇಲಿನ ವರ್ಗವು ಉಳಿದೆರಡು ಬಾಹುಗಳ ಮೇಲಿನ ವರ್ಗಗಳ ಮೊತ್ತಕ್ಕೆ ಸಮ. ನಮ್ಮ ಪಠ್ಯಪುಸ್ತಕಗಳು ತ್ರಿಭುಜದ ಉದ್ದದ ಬಾಹುವನ್ನು ‘ವಿಕರ್ಣ’ ಎಂದೂ, ಆಯತದ ಮೂಲೆಯಿಂದ ಮೂಲೆಗೆ ಎಳೆದ ಗೆರೆಯನ್ನು ‘ಕರ್ಣ’ ಎಂದೂ ಬೇರೆ ಬೇರೆ ಹೆಸರಿಟ್ಟು ಕರೆಯುತ್ತವೆ. ಹಾಗಾಗಿ ತ್ರಿಭುಜದ ಪಾಠವೇ ಬೇರೆ, ಆಯತದ ಪಾಠವೇ ಬೇರೆ ಎಂಬ ಭಾವನೆ ಮಕ್ಕಳಲ್ಲಿ ಉಳಿದುಬಿಡುತ್ತದೆ. ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದು ಇದರ ಬಗ್ಗೆಯೇ. ನಮ್ಮ ದೇಶದಲ್ಲಿ ಈ ಪ್ರಮೇಯ ಹುಟ್ಟಿದ್ದು ತ್ರಿಭುಜದ ಮಾತಾಗಿ ಅಲ್ಲ, ಆಯತದ ಮಾತಾಗಿ. ಅದನ್ನು ಆಯತದಲ್ಲಿಟ್ಟು ನೋಡಿದರೆ ಅದು ಬಾಯಿಪಾಠದ ವಾಕ್ಯವಾಗಿ ಉಳಿಯದೆ ಕೈಯಿಂದ ಮಾಡಿ ನೋಡುವ ಸಂಗತಿಯಾಗುತ್ತದೆ.

ಕ್ರಿಸ್ತಪೂರ್ವ 800ರಿಂದ 500ರ ನಡುವಿನ ಕಾಲಕ್ಕೆ ಸೇರಿದವನೆಂದು ವಿದ್ವಾಂಸರು ಸಾಮಾನ್ಯವಾಗಿ ಹೇಳುವ ಬೋಧಾಯನನ ಶುಲ್ಬಸೂತ್ರದಲ್ಲಿ, ಅಂದರೆ ಯಜ್ಞವೇದಿಗಳನ್ನು ಅಳೆದು ಕಟ್ಟುವ ಕ್ರಮವನ್ನು ಹೇಳುವ ಗ್ರಂಥದಲ್ಲಿ, ಈ ವಾಕ್ಯವಿದೆ: ‘ದೀರ್ಘಚತುರಶ್ರಸ್ಯಾಕ್ಷ್ಣಯಾರಜ್ಜುಃ ಪಾರ್ಶ್ವಮಾನೀ ತಿರ್ಯಙ್ಮಾನೀ ಚ ಯತ್ಪೃಥಗ್ಭೂತೇ ಕುರುತಸ್ತದುಭಯಂ ಕರೋತಿ.’ ಶುಲ್ಬ ಎಂದರೂ ರಜ್ಜು ಎಂದರೂ ಹಗ್ಗವೇ. ದೀರ್ಘಚತುರಶ್ರ ಎಂದರೆ ಆಯತ, ಅಕ್ಷ್ಣಯಾರಜ್ಜು ಎಂದರೆ ಮೂಲೆಯಿಂದ ಮೂಲೆಗೆ ಎಳೆದ ಹಗ್ಗ, ಪಾರ್ಶ್ವಮಾನೀ ಎಂದರೆ ಉದ್ದವನ್ನು ಅಳೆಯುವ ಹಗ್ಗ, ತಿರ್ಯಙ್ಮಾನೀ ಎಂದರೆ ಅಗಲವನ್ನು ಅಳೆಯುವ ಹಗ್ಗ. ಉದ್ದದ ಹಗ್ಗವೂ ಅಗಲದ ಹಗ್ಗವೂ ಬೇರೆ ಬೇರೆಯಾಗಿ ಏನನ್ನು ‘ಮಾಡುತ್ತವೆಯೋ’, ಅವೆರಡನ್ನೂ ಕರ್ಣದ ಹಗ್ಗವೊಂದೇ ‘ಮಾಡುತ್ತದೆ’ ಎಂಬುದು ವಾಕ್ಯದ ಅರ್ಥ. ಇಲ್ಲಿ ತ್ರಿಭುಜವೆಂಬ ಪದವೇ ಇಲ್ಲ. ವರ್ಗವೆಂಬ ಪದವೂ ಇಲ್ಲ. ಹಗ್ಗ ‘ಮಾಡುವುದು’ ಏನನ್ನು ಎಂದರೆ, ತನ್ನಷ್ಟೇ ಉದ್ದದ ನಾಲ್ಕು ಬದಿಗಳ ಒಂದು ಚೌಕವನ್ನು, ಅಂದರೆ ಅಷ್ಟು ನೆಲವನ್ನು. ಇದಕ್ಕೆ ಮುಂಚೆ ಬರುವ ಸೂತ್ರವೊಂದು ಚೌಕದ ಬಗ್ಗೆ ಹೇಳುವಾಗ ‘ಭೂಮಿಂ ಕರೋತಿ’ ಎಂದೇ ಬಿಡಿಸಿ ಹೇಳಿದೆ: ಚೌಕದ ಕರ್ಣದ ಹಗ್ಗ ಎರಡರಷ್ಟು ಭೂಮಿಯನ್ನು ಮಾಡುತ್ತದೆ.

‘ಕರೋತಿ’ ಎಂಬ ಈ ಕ್ರಿಯಾಪದ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ‘ಸಮವಾಗಿದೆ’ ಎನ್ನುವುದಕ್ಕೂ ‘ಮಾಡುತ್ತದೆ’ ಎನ್ನುವುದಕ್ಕೂ ವ್ಯತ್ಯಾಸವಿದೆ. ಸೂತ್ರಕಾರನ ಕೈಯಲ್ಲಿ ಹಗ್ಗವಿದೆ, ಮುಂದೆ ನೆಲವಿದೆ, ಎರಡು ಬೇರೆ ಬೇರೆ ಚೌಕಗಳನ್ನು ಸೇರಿಸಿ ಒಂದೇ ಚೌಕವನ್ನು ಕಟ್ಟಬೇಕಾದ ಕೆಲಸವಿದೆ. ಈ ಕೆಲಸ ಏಕೆ ಬಂದಿತೆಂದರೆ, ಅಗ್ನಿಚಯನವೆಂಬ ಯಾಗದಲ್ಲಿ ಇಟ್ಟಿಗೆಗಳಿಂದ ಕಟ್ಟುವ ಚಿತಿಯ, ಅಂದರೆ ವೇದಿಯ, ವಿಸ್ತೀರ್ಣ ಮೊದಲ ಸಲ ಏಳೂವರೆ ಚದರ ಪುರುಷ ಇರಬೇಕು, ಮುಂದಿನ ಸಲ ಎಂಟೂವರೆ, ಹೀಗೆ ಒಂದೊಂದೇ ಹೆಚ್ಚುತ್ತ ಹೋಗಬೇಕು, ಆದರೆ ಆಕಾರ ಮಾತ್ರ ಬದಲಾಗಬಾರದು. (ಪುರುಷ ಎಂದರೆ ಯಜಮಾನ ಕೈಯೆತ್ತಿ ನಿಂತಾಗ ಸಿಗುವ ಅಳತೆ.) ರೆಕ್ಕೆ ಚಾಚಿದ ಹಕ್ಕಿಯ ಆಕಾರದ ಶ್ಯೇನಚಿತಿಯನ್ನು ಆಕಾರ ಕೆಡದಂತೆ ಹಿಗ್ಗಿಸಬೇಕಾದರೆ ನೆಲಗಳನ್ನು ಕೂಡುವ, ಕಳೆಯುವ, ಚೌಕವನ್ನು ಆಯತವಾಗಿಸುವ, ಆಯತವನ್ನು ಚೌಕವಾಗಿಸುವ ವಿದ್ಯೆ ಬೇಕೇ ಬೇಕು. ಎರಡು ಚೌಕಗಳನ್ನು ಕೂಡಿಸಲು ಬೋಧಾಯನ ಹೇಳುವ ಉಪಾಯ ಹೀಗಿದೆ: ದೊಡ್ಡ ಚೌಕದೊಳಗೆ ಚಿಕ್ಕ ಚೌಕದ ಬದಿಯಷ್ಟು ಅಗಲದ ಪಟ್ಟಿಯೊಂದನ್ನು ಗುರುತು ಮಾಡು. ಆ ಪಟ್ಟಿಯ ಕರ್ಣವೇ ಕೂಡಿದ ಚೌಕದ ಬದಿ.

ಸೂತ್ರವನ್ನು ಹೇಳಿದ ಮೇಲೆ ಬೋಧಾಯನ ಇದು ಎಲ್ಲೆಲ್ಲಿ ಕಂಡುಬರುತ್ತದೆ ಎಂದು ಆರು ಆಯತಗಳ ಉದ್ದಗಲಗಳನ್ನು ಕೊಡುತ್ತಾನೆ: 3 ಮತ್ತು 4, 12 ಮತ್ತು 5, 15 ಮತ್ತು 8, 7 ಮತ್ತು 24, 12 ಮತ್ತು 35, 15 ಮತ್ತು 36. ಇವುಗಳ ಕರ್ಣಗಳು ಕ್ರಮವಾಗಿ 5, 13, 17, 25, 37, 39. ಮೊದಲನೆಯದನ್ನು ಹತ್ತರಿಂದ ಗುಣಿಸಿದರೆ ನಮ್ಮೂರುಗಳ ಮೂವತ್ತು–ನಲವತ್ತರ ಸೈಟು. ಬೆಂಗಳೂರು, ಮೈಸೂರುಗಳಲ್ಲಿ ಲಕ್ಷಾಂತರ ಜನ ಯಾವ ಆಯತದೊಳಗೆ ಮನೆ ಕಟ್ಟಿಕೊಂಡಿದ್ದಾರೋ ಅದೇ ಆಯತ ಈ ಪಟ್ಟಿಯ ತಲೆಯಲ್ಲಿ ಕೂತಿದೆ. ಕೆಲವು ಮನೆತನಗಳಲ್ಲಿ ಅಭಿವಾದನ ಮಾಡುವಾಗ ಗೋತ್ರದ ಜೊತೆಗೆ ‘ಬೋಧಾಯನಸೂತ್ರ’, ‘ಆಪಸ್ತಂಬಸೂತ್ರ’ ಎಂದು ಹೇಳಿಕೊಳ್ಳುವ ವಾಡಿಕೆಯಿದೆ. ಹಾಗೆ ದಿನವೂ ಬಾಯಲ್ಲಿ ಬರುವ ಆ ಹೆಸರುಗಳ ಹಿಂದೆ ಹಗ್ಗ ಹಿಡಿದು ನೆಲ ಅಳೆಯುವ ಶಾಸ್ತ್ರವೂ ಇದೆ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಬೋಧಾಯನ ಇದಕ್ಕೆ ಸಾಧನೆ, ಅಂದರೆ ಇದು ಏಕೆ ನಿಜ ಎಂಬುದರ ವಿವರಣೆ, ಕೊಟ್ಟಿಲ್ಲ. ಸೂತ್ರಗ್ರಂಥಗಳ ರೀತಿಯೇ ಅದು. ಆದರೆ ಸಾಧನೆಯ ಯೋಚನೆಯೇ ಆ ಪರಂಪರೆಯಲ್ಲಿ ಇರಲಿಲ್ಲ ಎನ್ನುವುದು ತಪ್ಪಾಗುತ್ತದೆ. ಸೋಮಯಾಗದ ಮಹಾವೇದಿ ಪಶ್ಚಿಮಕ್ಕೆ 30, ಪೂರ್ವಕ್ಕೆ 24, ನಡುವಿನ ಉದ್ದ 36 ಪದ ಇರುವ ನೆಲ. (ಪದ ಎಂಬುದು ಇಲ್ಲಿ ಒಂದು ಅಳತೆ.) ಪೂರ್ವದ ಕಡೆ ಕಿರಿದಾಗುತ್ತ ಹೋಗುವ ಈ ಆಕಾರದ ವಿಸ್ತೀರ್ಣ 972 ಎಂದು ಹೇಳಿದ ಇನ್ನೊಬ್ಬ ಶುಲ್ಬಸೂತ್ರಕಾರ ಆಪಸ್ತಂಬ, ಅದು ಹೇಗೆ ಎಂಬುದನ್ನೂ ಹೇಳುತ್ತಾನೆ: ಒಂದು ಬದಿಯ ಮೂಲೆಯ ತುಂಡನ್ನು ಕತ್ತರಿಸಿ, ತಿರುಗಿಸಿ, ಇನ್ನೊಂದು ಬದಿಗೆ ಸೇರಿಸು, ಆಯತವಾಗುತ್ತದೆ. ಆ ಆಯತ 27×36. ಅದರ ಕರ್ಣ ಎಷ್ಟು ಎಂದು ಲೆಕ್ಕ ಹಾಕಿದರೆ ಸರಿಯಾಗಿ 45 ಬರುತ್ತದೆ, ಮತ್ತೆ ಅದೇ ಮೂರು–ನಾಲ್ಕು–ಐದು. ಆಪಸ್ತಂಬ ಇದನ್ನು ಹೇಳಿಲ್ಲ. ಕತ್ತರಿಸಿ ಸೇರಿಸಿದ ನೆಲವನ್ನು ಕಾಗದದ ಮೇಲೆ ಬಿಡಿಸಿಕೊಂಡಾಗ ನನ್ನ ಕಣ್ಣಿಗೆ ಬಿದ್ದದ್ದು, ಬಿದ್ದಾಗ ಬಹಳ ಸಂತೋಷವಾಯಿತು.

ಕತ್ತರಿಸಿ ಸೇರಿಸುವ ಈ ಬುದ್ಧಿಯೇ ಪ್ರಮೇಯವನ್ನೂ ಸಾಧಿಸಿಕೊಡುತ್ತದೆ. 12ನೆಯ ಶತಮಾನದ ಭಾಸ್ಕರಾಚಾರ್ಯ ತನ್ನ ‘ಬೀಜಗಣಿತ’ವೆಂಬ ಗ್ರಂಥದಲ್ಲಿ ಒಂದು ಪ್ರಶ್ನೆ ಕೇಳುತ್ತಾನೆ: ಭುಜಕೋಟಿಗಳು (ಲಂಬಕೋನದ ಎರಡು ಬದಿಗಳು) ‘ತಿಥಿ’ ಮತ್ತು ‘ನಖ’ಗಳಷ್ಟಿದ್ದರೆ ಕರ್ಣವೆಷ್ಟು? ಪಕ್ಷಕ್ಕೆ ತಿಥಿಗಳು 15, ಕೈಕಾಲುಗಳ ಉಗುರುಗಳು 20. ಅಂದರೆ ಅವನ ಆಯತ ನಮ್ಮ ಸೈಟಿನ ಉದ್ದಗಲಗಳ ಸರಿಯಾಗಿ ಅರ್ಧ. ಉತ್ತರವನ್ನಷ್ಟೇ ಕೇಳಿ ಸುಮ್ಮನಾಗದೆ, ರೂಢಿಯಲ್ಲಿರುವ ಈ ಗಣಿತಕ್ಕೆ ಉಪಪತ್ತಿಯನ್ನೂ (ಸಾಧನೆಯನ್ನೂ) ಹೇಳು ಎಂದು ಅದೇ ಶ್ಲೋಕದಲ್ಲಿ ಕೇಳುತ್ತಾನೆ. ಭಾಸ್ಕರ ಚಿತ್ರವೊಂದನ್ನು ಬರೆದು ಪಕ್ಕದಲ್ಲಿ ‘ನೋಡು’ ಎಂದಷ್ಟೇ ಹೇಳಿದ ಎಂಬ ಕಥೆ ಬಹಳ ಪುಸ್ತಕಗಳಲ್ಲಿದೆ. ಬೀಜಗಣಿತದಲ್ಲಿ ಅವನು ಹಾಗೆ ಬಿಟ್ಟುಬಿಟ್ಟಿಲ್ಲ, ಎರಡು ಬಗೆಯಲ್ಲಿ ಬಿಡಿಸಿ ತೋರಿಸಿದ್ದಾನೆ. ತಾನು ಸಹ್ಯಾದ್ರಿಯ ಬಳಿಯ ವಿಜ್ಜಡವಿಡದವನೆಂದು ಅವನೇ ಹೇಳಿಕೊಂಡಿದ್ದಾನೆ. ಅದು ನಮ್ಮ ವಿಜಯಪುರವೇ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ, ನಾನೂ ಆ ವಾದಕ್ಕೆ ಹೋಗುವುದಿಲ್ಲ.

ಅವನ ಒಂದು ಬಗೆಯನ್ನು ಸೈಟಿನ ಲೆಕ್ಕದಲ್ಲೇ ಹೇಳುತ್ತೇನೆ, ಕಾಗದ ಕತ್ತರಿ ಹಿಡಿದು ಮಾಡಿ ನೋಡಿದರೆ ಇನ್ನೂ ಒಳ್ಳೆಯದು. 30×40ರ ಎರಡು ಸೈಟುಗಳನ್ನು ತೆಗೆದುಕೊಂಡು, ಎರಡನ್ನೂ ಕರ್ಣದ ಉದ್ದಕ್ಕೆ ಸೀಳಿದರೆ ನಾಲ್ಕು ತ್ರಿಭುಜಗಳು ಸಿಗುತ್ತವೆ. ಸೀಳಿದ ಅಂಚುಗಳೆಲ್ಲ ಹೊರಗಡೆಗೆ ಬರುವಂತೆ, ಒಂದರ 40ರ ಬದಿಗೆ ಇನ್ನೊಂದರ 30ರ ಬದಿ ತಾಗುವಂತೆ, ನಾಲ್ಕನ್ನೂ ಗಾಳಿಗೆ ತಿರುಗುವ ಗಿರಗಿಟ್ಲೆಯ ರೆಕ್ಕೆಗಳ ಹಾಗೆ ಸುತ್ತ ಜೋಡಿಸಬೇಕು. ಹೊರಗೆ ನಾಲ್ಕು ಕಡೆಯೂ ಸೀಳಿದ ಅಂಚೇ ಇರುವುದರಿಂದ ಹೊರ ಆಕಾರದ ನಾಲ್ಕು ಬದಿಗಳೂ ಸಮ. ಪ್ರತಿ ಮೂಲೆಯಲ್ಲಿ ತ್ರಿಭುಜದ ಎರಡು ಚೂಪು ಕೋನಗಳು ಕೂಡುತ್ತವೆ, ಅವೆರಡೂ ಸೇರಿದರೆ 90 ಡಿಗ್ರಿ, ಆದ್ದರಿಂದ ಹೊರ ಆಕಾರ ಚೌಕವೇ. ನಡುವೆ ಒಂದು ತೂತು ಉಳಿಯುತ್ತದೆ. ಅದರ ಬದಿ 40ರಲ್ಲಿ 30 ಕಳೆದಷ್ಟು, ಅಂದರೆ 10 ಅಡಿ: ಒಂದು ಚಿಕ್ಕ ಕೋಣೆ. ಎರಡು ಸೈಟುಗಳ ನೆಲ 2400 ಚದರ ಅಡಿ, ಕೋಣೆಯ ನೆಲ 100, ಒಟ್ಟು 2500. ಅದು 50×50ರ ಚೌಕ. ಕರ್ಣ ಐವತ್ತು ಅಡಿಯೇ ಏಕೆ ಆಗಬೇಕು ಎಂಬುದಕ್ಕೆ ಇಷ್ಟೇ ಉತ್ತರ. ಯಾವ ಉದ್ದಗಲ ಕೊಟ್ಟರೂ ಇದೇ ಜೋಡಣೆ ನಡೆಯುತ್ತದೆ: ಉದ್ದಗಲಗಳ ಗುಣಲಬ್ಧದ ಎರಡರಷ್ಟಕ್ಕೆ ಅವುಗಳ ವ್ಯತ್ಯಾಸದ ವರ್ಗವನ್ನು ಸೇರಿಸಿದರೆ ಅವುಗಳ ವರ್ಗಗಳ ಮೊತ್ತವೇ ಬರುತ್ತದೆ ಎಂದು ಭಾಸ್ಕರ ಸೂತ್ರರೂಪದಲ್ಲಿಯೂ ಹೇಳಿದ್ದಾನೆ. ಚೀನಾದಲ್ಲಿ 3ನೆಯ ಶತಮಾನದ ಝಾವೋ ಶ್ವಾಂಗ್ ಬರೆದ ವ್ಯಾಖ್ಯಾನದಲ್ಲಿಯೂ ಇದೇ ಚಿತ್ರವಿದೆ.

ಅವನ ಇನ್ನೊಂದು ಬಗೆಯಲ್ಲಿ ಕತ್ತರಿಗೆ ಕೆಲಸವಿಲ್ಲ. ಸೈಟಿನ ಒಂದು ಮೂಲೆಯಿಂದ ಎದುರಿನ ಕರ್ಣಕ್ಕೆ ನೇರವಾಗಿ ಒಂದು ಲಂಬವನ್ನು ಇಳಿಸಿದರೆ ದೊಡ್ಡ ತ್ರಿಭುಜ ಎರಡು ಚಿಕ್ಕ ತ್ರಿಭುಜಗಳಾಗುತ್ತದೆ, ಎರಡೂ ಆಕಾರದಲ್ಲಿ ದೊಡ್ಡದರ ಪಡಿಯಚ್ಚು. ನಮ್ಮ ಸೈಟಿನಲ್ಲಿ ಆ ಲಂಬದ ಉದ್ದ 24 ಅಡಿ. ಅದು ಕರ್ಣವನ್ನು 18 ಮತ್ತು 32 ಅಡಿಗಳಾಗಿ ಭಾಗ ಮಾಡುತ್ತದೆ. ದೊಡ್ಡ ತ್ರಿಭುಜದಲ್ಲಿ 50ಕ್ಕೆ 30 ಹೇಗೋ, ಚಿಕ್ಕದರಲ್ಲಿ 30ಕ್ಕೆ 18 ಹಾಗೆ. ಆದ್ದರಿಂದ 50×18 ಎಂಬುದು 30×30ಕ್ಕೆ ಸಮ, ಎರಡೂ 900. ಇನ್ನೊಂದು ಕಡೆ 50×32 ಎಂಬುದು 40×40ಕ್ಕೆ ಸಮ, ಎರಡೂ 1600. ಈಗ ಕರ್ಣದ ಮೇಲೆ 50×50ರ ಚೌಕವನ್ನು ಕಲ್ಪಿಸಿಕೊಂಡು, ಆ ಲಂಬವನ್ನು ಚೌಕದೊಳಕ್ಕೂ ಮುಂದುವರಿಸಿದರೆ ಅದು ಚೌಕವನ್ನು 18 ಮತ್ತು 32 ಅಡಿ ಅಗಲದ ಎರಡು ಪಟ್ಟಿಗಳಾಗಿ ಸೀಳುತ್ತದೆ. ಒಂದು ಪಟ್ಟಿ ಅಗಲದ ಚೌಕದ ಪಾಲು, ಇನ್ನೊಂದು ಉದ್ದದ ಚೌಕದ ಪಾಲು. ಎರಡನ್ನೂ ಒಂದೇ ಹಗ್ಗ ‘ಮಾಡುತ್ತದೆ’ ಎಂಬ ಸೂತ್ರದಲ್ಲಿ ಯಾವ ನೆಲ ಯಾವುದರಿಂದ ಬಂದದ್ದು ಎಂಬುದು ಇಲ್ಲಿ ಗೆರೆ ಎಳೆದಷ್ಟು ಸ್ಪಷ್ಟವಾಗಿ ಕಾಣುತ್ತದೆ. ನನಗೆ ಎಲ್ಲಕ್ಕಿಂತ ಪ್ರಿಯವಾದ ಸಾಧನೆ ಇದೇ.

ಈ ಎರಡು ಪಟ್ಟಿಗಳ ನೋಟವೇ ಯೂಕ್ಲಿಡನದು. ಕ್ರಿಸ್ತಪೂರ್ವ 300ರ ಸುಮಾರಿನ ಅವನ ಗ್ರಂಥದ ಮೊದಲ ಭಾಗದಲ್ಲಿ ಇದು 47ನೆಯ ಪ್ರಮೇಯ. ಅಲ್ಲಿ ಅನುಪಾತದ ವಿಷಯ ಇನ್ನೂ ಬಂದಿಲ್ಲವಾದ್ದರಿಂದ ಅವನು ಬೇರೆ ದಾರಿ ಹಿಡಿಯುತ್ತಾನೆ. ಒಂದೇ ಪಾದದ ಮೇಲೆ, ಒಂದೇ ಎತ್ತರದಲ್ಲಿರುವ ತ್ರಿಭುಜಗಳು ಎಷ್ಟೇ ವಾಲಿದರೂ ಅವುಗಳ ವಿಸ್ತೀರ್ಣ ಬದಲಾಗುವುದಿಲ್ಲ ಎಂಬ ಒಂದೇ ಮಾತಿನಿಂದ, ಚಿಕ್ಕ ಚೌಕದ ಅರ್ಧವನ್ನು ವಾಲಿಸಿ, ತಿರುಗಿಸಿ, ಮತ್ತೆ ವಾಲಿಸಿ ಪಟ್ಟಿಯ ಅರ್ಧವನ್ನಾಗಿ ಮಾಡಿ ತೋರಿಸುತ್ತಾನೆ. ಪ್ರಮೇಯಕ್ಕೆ ಹೆಸರು ಕೊಟ್ಟ ಪೈಥಾಗೊರಸ್ ಅವನಿಗಿಂತ ಎರಡು ಶತಮಾನಕ್ಕೂ ಹಿಂದಿನವನು, ಸಾಮೋಸ್ ದ್ವೀಪದಲ್ಲಿ ಹುಟ್ಟಿ ದಕ್ಷಿಣ ಇಟಲಿಯ ಕ್ರೋಟನ್‌ನಲ್ಲಿ ನೆಲೆಸಿದವನು. ಅವನು ಬರೆದದ್ದೆಂದು ಒಂದು ಸಾಲೂ ಉಳಿದಿಲ್ಲ. ಪ್ರಮೇಯವನ್ನು ಅವನ ಹೆಸರಿಗೆ ಹಚ್ಚುವ ಹೇಳಿಕೆಗಳೆಲ್ಲ ಅವನ ಕಾಲದ ಎಷ್ಟೋ ಶತಮಾನಗಳ ನಂತರದವು. ಈಜಿಪ್ಟಿನವರು 12 ಗಂಟುಗಳ ಹಗ್ಗವನ್ನು ಮೂರು–ನಾಲ್ಕು–ಐದಾಗಿ ಎಳೆದು ಪಿರಮಿಡ್ಡಿನ ಮೂಲೆ ಹಿಡಿಯುತ್ತಿದ್ದರು ಎಂಬ ಜನಪ್ರಿಯ ಕಥೆಯೂ 19ನೆಯ ಶತಮಾನದ ಇತಿಹಾಸಕಾರ ಮೋರಿಟ್ಸ್ ಕ್ಯಾಂಟರ್‌ನ ಊಹೆಯಿಂದ ಹಬ್ಬಿದ್ದು, ಈಜಿಪ್ಟಿನ ಯಾವ ಬರಹವೂ ಹಾಗೆ ಹೇಳುವುದಿಲ್ಲ.

ಬೋಧಾಯನನಿಗಿಂತಲೂ, ಪೈಥಾಗೊರಸನಿಗಿಂತಲೂ ಸುಮಾರು ಸಾವಿರ ವರ್ಷಗಳಷ್ಟು ಹಳೆಯದಾದ ಸಾಕ್ಷಿ ಇರುವುದು ಬ್ಯಾಬಿಲೋನಿನ ಮಣ್ಣಿನ ಹಲಗೆಗಳಲ್ಲಿ, ಮತ್ತು ನಮ್ಮವರು ಮೊದಲಿಗರೋ ಅವರು ಮೊದಲಿಗರೋ ಎಂಬ ಚರ್ಚೆಯಲ್ಲಿ ಈ ಸಂಗತಿಯನ್ನು ಮರೆಮಾಚುವುದು ಸರಿಯಲ್ಲ. ಯೇಲ್ ವಿಶ್ವವಿದ್ಯಾಲಯದಲ್ಲಿರುವ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ದುಂಡನೆಯ ಹಲಗೆಯೊಂದರಲ್ಲಿ ಒಂದು ಚೌಕವನ್ನೂ ಅದರ ಎರಡು ಕರ್ಣಗಳನ್ನೂ ಗೀರಿದ್ದಾರೆ. ಬದಿಯ ಮೇಲೆ 30 ಎಂದು ಬರೆದಿದೆ. ಕರ್ಣದ ಮೇಲೆ ಎರಡು ಸಂಖ್ಯೆಗಳಿವೆ. ಅರವತ್ತರ ಮಾನದಲ್ಲಿರುವ ಅವುಗಳನ್ನು ನಮ್ಮ ದಶಮಾಂಶಕ್ಕೆ ತಂದರೆ ಒಂದು 1.414213 ರಷ್ಟು, ಇನ್ನೊಂದು 42.4264. ಅಂದರೆ ಎರಡರ ವರ್ಗಮೂಲ, ಮತ್ತು ಅದರಿಂದ 30ನ್ನು ಗುಣಿಸಿದಾಗ ಬರುವ ಕರ್ಣ. ಬೋಧಾಯನನೂ ಎರಡರ ವರ್ಗಮೂಲಕ್ಕೆ ಒಂದು ಬೆಲೆ ಕೊಟ್ಟಿದ್ದಾನೆ: ಅಳತೆಗೆ ಅದರ ಮೂರನೆಯ ಒಂದನ್ನು ಸೇರಿಸು, ಆ ಮೂರನೆಯ ಒಂದರ ನಾಲ್ಕನೆಯ ಒಂದನ್ನು ಸೇರಿಸು, ಆ ನಾಲ್ಕನೆಯ ಒಂದರ ಮೂವತ್ತನಾಲ್ಕನೆಯ ಒಂದನ್ನು ಕಳೆ. ಹಾಗೆ ಮಾಡಿದರೆ 577/408, ಅಂದರೆ 1.414216 ಬರುತ್ತದೆ. ನಿಜವಾದ ಬೆಲೆ 1.414214ರ ಆಸುಪಾಸು. ಐದನೆಯ ದಶಮಾಂಶದವರೆಗೂ ಹಗ್ಗದವರ ಲೆಕ್ಕ ಹೊಂದುತ್ತದೆ.

ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿರುವ ಇನ್ನೊಂದು ಹಲಗೆ, ಸಂಗ್ರಹಿಸಿದವರ ಹೆಸರಿನಿಂದ ‘ಪ್ಲಿಂಪ್ಟನ್ 322’ ಎಂದು ಪ್ರಸಿದ್ಧವಾದದ್ದು, ಕ್ರಿಸ್ತಪೂರ್ವ 1800ರ ಸುಮಾರಿನದು. ಅದರಲ್ಲಿ 15 ಸಾಲುಗಳಲ್ಲಿ ಅಗಲ ಮತ್ತು ಕರ್ಣಗಳ ಪಟ್ಟಿಯಿದೆ. 11ನೆಯ ಸಾಲಿನಲ್ಲಿ ನಮಗೆ ಪರಿಚಿತವಾದದ್ದೇ ಇದೆ, 45 ಮತ್ತು 75, ಅಂದರೆ ಮೂರು–ನಾಲ್ಕು–ಐದರ ಹದಿನೈದರಷ್ಟು. 4ನೆಯ ಸಾಲನ್ನು ನೋಡಿದರೆ ಮಾತ್ರ ಬೆರಗಾಗಬೇಕು: 12709 ಮತ್ತು 18541. ಇವುಗಳಿಗೆ ಹೊಂದುವ ಮೂರನೆಯ ಬದಿ 13500. ಇಂಥ ಮೂರು ಸಂಖ್ಯೆಗಳು ಹುಡುಕುತ್ತ ಹೋದವನಿಗೆ ಆಕಸ್ಮಿಕವಾಗಿ ಸಿಗುವಂಥವಲ್ಲ, ಹಿಂದೆ ಒಂದು ಕ್ರಮ ಇರಲೇಬೇಕು.

ಅಂಥ ಕ್ರಮವೊಂದನ್ನು ಬಾಯಿಬಿಟ್ಟು, ಒಂದೇ ಪದ್ಯದಲ್ಲಿ ಹೇಳಿದವನು ನಮ್ಮ ನೆಲದವನು ಎಂಬುದನ್ನು ಹೆಮ್ಮೆಯಿಂದಲೇ ಬರೆಯುತ್ತೇನೆ. ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳುತ್ತಿದ್ದ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ, ಕ್ರಿ.ಶ. 850ರ ಸುಮಾರಿಗೆ ಮಹಾವೀರಾಚಾರ್ಯ ಬರೆದ ಗಣಿತಸಾರಸಂಗ್ರಹದಲ್ಲಿ ‘ಜನ್ಯ’ ಎಂಬ ವ್ಯವಹಾರ, ಅಂದರೆ ಪ್ರಕರಣ, ಇದೆ. ಎರಡು ಸಂಖ್ಯೆಗಳನ್ನು ‘ಬೀಜ’ಗಳಾಗಿ ತೆಗೆದುಕೊ. ಅವುಗಳ ವರ್ಗಗಳ ವ್ಯತ್ಯಾಸ ಒಂದು ಬದಿ, ಅವುಗಳ ಗುಣಲಬ್ಧದ ಎರಡರಷ್ಟು ಇನ್ನೊಂದು ಬದಿ, ವರ್ಗಗಳ ಮೊತ್ತವೇ ಕರ್ಣ. ಬೀಜ ಬಿತ್ತಿದರೆ ಆಕಾರ ಹುಟ್ಟುತ್ತದೆ ಎಂಬ ಈ ಮಾತು ಒಕ್ಕಲು ನಾಡಿಗೆ ಒಪ್ಪುವಂಥದು. 2 ಮತ್ತು 1 ಎಂಬ ಬೀಜಗಳಿಂದ 3, 4, 5 ಹುಟ್ಟುತ್ತವೆ. 3 ಮತ್ತು 2ರಿಂದ 5, 12, 13. 4 ಮತ್ತು 1ರಿಂದ 15, 8, 17. 4 ಮತ್ತು 3ರಿಂದ 7, 24, 25. 6 ಮತ್ತು 1ರಿಂದ 35, 12, 37. ಬೋಧಾಯನನ ಆರರಲ್ಲಿ ಐದು ನೇರವಾಗಿ ಬಂದವು, ಆರನೆಯದು 5, 12, 13ರ ಮೂರರಷ್ಟು. ಇನ್ನು 125 ಮತ್ತು 54 ಎಂಬ ಬೀಜಗಳನ್ನು ಹಾಕಿ ನೋಡಿ: ವರ್ಗಗಳ ವ್ಯತ್ಯಾಸ 12709, ಗುಣಲಬ್ಧದ ಎರಡರಷ್ಟು 13500, ವರ್ಗಗಳ ಮೊತ್ತ 18541. ಬ್ಯಾಬಿಲೋನಿನ ಹಲಗೆಯ ನಾಲ್ಕನೆಯ ಸಾಲು ಮಳಖೇಡದ ಪದ್ಯದೊಳಗೆ ಸರಿಯಾಗಿ ಕೂಡುತ್ತದೆ. ಬ್ಯಾಬಿಲೋನಿನವರು ಇದೇ ದಾರಿ ಹಿಡಿದಿದ್ದರು ಎಂದು ನಾನು ಹೇಳುತ್ತಿಲ್ಲ. ಆದರೆ ಈ ಗುಣಾಕಾರವನ್ನು ಮೊದಲ ಸಲ ಕೈಯಲ್ಲಿ ಮಾಡಿ ಮುಗಿಸಿದ ರಾತ್ರಿ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಆ ಪದ್ಯದಲ್ಲಿ ಮಹಾವೀರ ಹುಟ್ಟಿಸುವುದು ಯಾವ ಆಕಾರವನ್ನು ಎಂಬುದನ್ನೂ ಗಮನಿಸಬೇಕು. ಅವನ ಮಾತು ‘ಆಯತಚತುರಶ್ರ’. ಬೋಧಾಯನನಿಂದ ಸಾವಿರಕ್ಕೂ ಹೆಚ್ಚು ವರ್ಷ ಕಳೆದ ಮೇಲೂ ನಮ್ಮವರ ಕಣ್ಣೆದುರು ನಿಂತದ್ದು ತ್ರಿಭುಜವಲ್ಲ, ಆಯತವೇ. ಪೂರ್ತಿ ಆಯತವನ್ನು ಮುಂದಿಟ್ಟರೆ ಕರ್ಣವೆಂಬುದು ಬೀಜಾಕ್ಷರಗಳ ಸಮೀಕರಣದಲ್ಲಿ ಹುಟ್ಟಿದ ಗೆರೆಯಾಗಿ ಉಳಿಯದೆ, ನೆಲದ ಮೇಲೆ ನಡೆದು ಹೋಗಬಹುದಾದ ದಾರಿಯಾಗುತ್ತದೆ. ಮಕ್ಕಳಿಗೆ ಇದನ್ನು ಕಲಿಸುವವರು ಮೊದಲು ತರಗತಿಯ ನೆಲದ ಮೇಲೆ ಸೀಮೆಸುಣ್ಣದಿಂದ 3×4 ಅಡಿಯ ಆಯತವನ್ನು ಬರೆಸಿ, ದಾರ ಎಳೆಸಿ ಅಳೆಸಲಿ ಎಂಬುದು ನನ್ನ ಮನಃಪೂರ್ವಕ ಕೋರಿಕೆ.

ಮೇಸ್ತ್ರಿ ಮಾಡಿದ ಕೆಲಸದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮೂಲೆ ಸರಿಯಿದ್ದರೆ ಕರ್ಣ ಐವತ್ತು ಬರುತ್ತದೆ ಎಂಬುದು ಪ್ರಮೇಯ. ಆದರೆ ಅವರು ಐವತ್ತು ಬಂದದ್ದರಿಂದ ಮೂಲೆ ಸರಿಯಿದೆ ಎಂದು ತೀರ್ಮಾನಿಸಿದರು. ಅದು ಪ್ರಮೇಯವಲ್ಲ, ಅದರ ವಿಲೋಮ, ಯೂಕ್ಲಿಡನ 48ನೆಯ ಪ್ರಮೇಯ. ಮಳೆ ಬಂದರೆ ಅಂಗಳ ಒದ್ದೆಯಾಗುತ್ತದೆ ಎಂದಮಾತ್ರಕ್ಕೆ, ಒದ್ದೆಯಾದ ಅಂಗಳವನ್ನು ಕಂಡು ಮಳೆ ಬಂದಿತ್ತೆನ್ನಲಾಗದು, ಯಾರೋ ನೀರು ಚಿಮುಕಿಸಿರಬಹುದು. ಇಲ್ಲಿ ಮಾತ್ರ ಹಾಗೆನ್ನಬಹುದು, ಏಕೆಂದರೆ ಮೂರು ಬದಿಗಳ ಉದ್ದ ಗೊತ್ತಾದರೆ ತ್ರಿಭುಜ ಒಂದೇ ಒಂದು, ಬೇರೆ ಆಕಾರಕ್ಕೆ ಎಡೆಯೇ ಇಲ್ಲ. 30, 40, 50ರ ಬದಿಗಳಿಗೆ ಲಂಬಕೋನದ ತ್ರಿಭುಜವೊಂದು ಇದೆಯೆಂದು ಪ್ರಮೇಯವೇ ಹೇಳಿದ ಮೇಲೆ, ಅದೇ ಅಳತೆಯ ಮತ್ತೊಂದು ತ್ರಿಭುಜ ಅದಕ್ಕಿಂತ ಬೇರೆಯಾಗಿರಲಾರದು. ಶುಲ್ಬಸೂತ್ರದವರ ಹಗ್ಗ ಕೆಲಸ ಮಾಡುವುದೂ ಈ ವಿಲೋಮದ ಬಲದಿಂದಲೇ. ಮಹಾವೇದಿಗೆ ಆಪಸ್ತಂಬ ಹೇಳುವ ಒಂದು ಉಪಾಯದಲ್ಲಿ, ಪೂರ್ವಪಶ್ಚಿಮವಾಗಿ 36 ಪದ ದೂರದಲ್ಲಿ ಎರಡು ಗೂಟ ಹೊಡೆದು, 54 ಪದ ಉದ್ದದ ಹಗ್ಗದ ತುದಿಗಳನ್ನು ಅವಕ್ಕೆ ಕಟ್ಟುತ್ತಾರೆ. ಹಗ್ಗದಲ್ಲಿ 15ರ ಬಳಿ ಒಂದು ಗುರುತಿರುತ್ತದೆ. ಆ ಗುರುತನ್ನು ಹಿಡಿದು ಬಿಗಿಯಾಗಿ ಪಕ್ಕಕ್ಕೆ ಎಳೆದರೆ 15, 36, 39ರ ತ್ರಿಭುಜವಾಗಿ ಮೂಲೆ ತಾನಾಗಿ ಕೂರುತ್ತದೆ. ಪಶ್ಚಿಮದ ಅರ್ಧಕ್ಕೆ ಬೇಕಾದದ್ದೂ 15 ಪದವೇ. ಪೂರ್ವದಲ್ಲಿ ಬೇಕಾದದ್ದು 12 ಪದ, ಆದರೆ 12 ಮತ್ತು 36ಕ್ಕೆ ಪೂರ್ಣಸಂಖ್ಯೆಯ ಕರ್ಣವಿಲ್ಲ. ಅದಕ್ಕಾಗಿ ಅಲ್ಲಿಯೂ 15ರ ಗುರುತು ಹಿಡಿದೇ ಎಳೆದು, ಮೂಲೆ ಕೂತ ಮೇಲೆ, ಹಗ್ಗದ ಮೇಲೆ ಮೊದಲೇ ಮಾಡಿಟ್ಟ 12ರ ಗುರುತಿನಲ್ಲಿ ಗೂಟ ಹೊಡೆಯುತ್ತಾರೆ.

ತಮ್ಮನ ಸೈಟಿನ ಕೆಲಸ ಮುಗಿಸಿ ಸುಣ್ಣದ ಪುಡಿ ಚೆಲ್ಲಿ ಗೆರೆ ಹಾಕಿಸಿದ ಮೇಲೆ ಮೇಸ್ತ್ರಿ ಅದೇ ಬೀದಿಯ ಇನ್ನೊಂದು ಸೈಟಿಗೆ ಹೊರಟರು, ಅದು 40×60. ಅದರ ಕರ್ಣ 72 ಅಡಿ ಒಂದೂಕಾಲು ಇಂಚಿನ ಆಸುಪಾಸು ಬರುತ್ತದೆ, ಟೇಪಿನಲ್ಲಿ ಹಿಡಿದು ನಂಬುವಂಥ ಸಂಖ್ಯೆಯಲ್ಲ. ಏನು ಮಾಡುತ್ತಾರೆ ಎಂದು ನೋಡಲು ನಾನೂ ಜೊತೆಗೆ ಹೋದೆ. ಅವರು ಕರ್ಣದ ಗೊಡವೆಗೇ ಹೋಗಲಿಲ್ಲ. ಮೂಲೆಯ ಗೂಟದಿಂದ ನಲವತ್ತರ ಬದಿಯಲ್ಲಿ 30 ಅಡಿಗೆ ಒಂದು ಗುರುತು ಹಾಕಿಸಿದರು, ಅರವತ್ತರ ಬದಿಯ ದಾರದ ಮೇಲೆ 40 ಅಡಿಗೆ ಇನ್ನೊಂದು. ಎರಡು ಗುರುತುಗಳ ನಡುವೆ ಟೇಪು ಹಿಡಿಸಿ, ಐವತ್ತು ಬರುವವರೆಗೆ ದಾರವನ್ನು ಆಚೀಚೆ ಜರುಗಿಸಿ, ಬಂದಾಗ ‘ಹಿಡಿ, ಅಲ್ಲೇ ಹಿಡಿ’ ಎಂದು ಕೂಗಿ, ದಾರವನ್ನು ಹಾಗೇ ಬಿಗಿಯಾಗಿ ಮುಂದಕ್ಕೆಳೆದು ಅರವತ್ತನೆಯ ಅಡಿಯಲ್ಲಿ ಗೂಟ ಹೊಡೆಸಿದರು.